ಗಾಳಿಗೆ ಹಾರುವ ಮಣ್ಣು, ಕಂಪ್ಯೂಟರ್ ಲೆಕ್ಕ

ಪ್ರಶ್ನೆ: ಟೆಕ್ಸಾಸ್‌ನ ಲಬಕ್ ಬಳಿಯ ಹತ್ತಿ ಹೊಲವೊಂದರ ಮಣ್ಣು ಗಾಳಿಗೆ ಎಷ್ಟು ಹಾರಿಹೋಗುತ್ತದೆಂದು ಅಮೆರಿಕದ ಕೃಷಿ ಇಲಾಖೆಯ ‘ವೆಪ್ಸ್’ ತಂತ್ರಾಂಶದಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಮಣ್ಣು ಮಗುಚುವ ಡಿಸ್ಕ್ ಬದಲು, ಮಗುಚದೆ ಸೀಳುವ ಚಿಸೆಲ್ ನೇಗಿಲು ಕೊಟ್ಟರೂ ವರ್ಷದ ಮೊತ್ತ ಇಳಿಯುತ್ತಿಲ್ಲ. ಎಲ್ಲಿ ತಪ್ಪಿದೆ?
– ಕೃಷಿ ವಿದ್ಯಾರ್ಥಿ, ಲಬಕ್

ಉತ್ತರ: ಸಲಕರಣೆ ಬದಲಾಗಿದೆ, ತಾರೀಖು ಹಾಗೇ ಇದೆ ಎಂದು ತೋರುತ್ತದೆ. ವೆಪ್ಸ್‌ನದು ದಿನದಿನದ ಲೆಕ್ಕ: ಹೊಲದಲ್ಲಿ ಕಡ್ಡಿ ಎಷ್ಟು ಉಳಿದಿದೆ, ಹೆಂಟೆ ಎಷ್ಟು ದಪ್ಪ, ಮೇಲ್ಮಣ್ಣು ಒಣಗಿದೆಯೇ, ಹಕ್ಕಳೆ (ಮೇಲೆ ಗಟ್ಟಿ ಪದರ) ಕಟ್ಟಿದೆಯೇ. ಗಾಳಿ ಸೆಕೆಂಡಿಗೆ 8 ಮೀಟರ್ ದಾಟಿದ ದಿನ ಮಾತ್ರ ಸವಕಳಿಯ ಲೆಕ್ಕಕ್ಕೆ ಇಳಿಯುತ್ತದೆ. ನಿಮ್ಮಲ್ಲಿ ಅಂಥ ಗಾಳಿ ಮಾರ್ಚ್, ಏಪ್ರಿಲ್‌ನಲ್ಲಿ ಜೋರು. ಆಗ ಹತ್ತಿ ಹೊಲ ಬೋಳು. ವರ್ಷದ ಮೊತ್ತ ಬಿಟ್ಟು, ವರದಿಯಲ್ಲಿ ಅವಧಿವಾರು ಕೋಷ್ಟಕ ತೆಗೆದು ನೋಡಿ.

ಚಿಸೆಲ್ ಹೆಂಟೆ ಎಬ್ಬಿಸುತ್ತದೆ, ನಿಜ. ಆದರೆ ಜೇಡಿ ಕಡಿಮೆಯಿರುವ ಮರಳುಮಣ್ಣಿನ ಹೆಂಟೆ ಎರಡು ಮಳೆಗೆ ಕರಗುತ್ತದೆ, 0.84 ಮಿ.ಮೀ.ಗಿಂತ ಸಣ್ಣ ಕಣಗಳೆಲ್ಲ ಮತ್ತೆ ಗಾಳಿಯ ಪಾಲು. ಇಲ್ಲಿ ಕಾಯುವುದು ನಿಂತ ಕೂಳೆ. ಅಷ್ಟೇ ತೂಕದ ಕಡ್ಡಿಯನ್ನು ಕತ್ತರಿಸಿ ನೆಲಕ್ಕೆ ಮಲಗಿಸಿದರೆ ಅದರ ಕಾಲುಭಾಗ ಕೆಲಸವೂ ಆಗದಿರಬಹುದು. ವೆಪ್ಸ್‌ಗೆ ಕೊಟ್ಟ ಹೊಲದ ಕೆಲಸಗಳ ಪಟ್ಟಿಯಲ್ಲಿ ನವೆಂಬರ್‌ಗೇ ಕಡ್ಡಿ ಪುಡಿಮಾಡುವ ಕೆಲಸ ಹಾಕಿದ್ದರೆ ಅದನ್ನು ತೆಗೆಯಿರಿ. ಹತ್ತಿ ಬಿಡಿಸಿದ ಕೂಡಲೇ ಗೋಧಿ ಅಥವಾ ರೈ ಬಿತ್ತನೆ, ಏಪ್ರಿಲ್‌ನಲ್ಲಿ ಕಳೆನಾಶಕದಿಂದ ಒಣಗಿಸುವುದು, ಮೇ ಮಧ್ಯದಲ್ಲಿ ಆ ಕೂಳೆಯೊಳಗೇ ಹತ್ತಿ ಬಿತ್ತನೆ: ಹೀಗೆ ಸೇರಿಸಿ ಮತ್ತೆ ಓಡಿಸಿ. ಅಂಕಿ ಇಳಿಯುವುದು ಇಲ್ಲಿ.

ಉಳುಮೆಯ ದಿಕ್ಕನ್ನೂ ನೋಡಿ. ಜೋರುಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಪೂರ್ವ–ಪಶ್ಚಿಮ ದಿಂಡು ಅದಕ್ಕೆ ಓಣಿ ಬಿಟ್ಟುಕೊಟ್ಟಂತೆ. ಬಿತ್ತಿದ ಮೇಲೆ ಮಳೆ ಬಿದ್ದರೆ ಹಕ್ಕಳೆಯ ಮೇಲೆ ಬಿಡಿ ಮರಳು ಉಳಿದು, ಹಾರುತ್ತ ಎಳೆ ಸಸಿಯ ಕಾಂಡ ಉಜ್ಜಿ ಕೊಲ್ಲುತ್ತದೆ. ಅಲ್ಲಿಯ ರೈತರು ನೆಲ ಆರುತ್ತಿದ್ದಂತೆ ಸ್ಯಾಂಡ್‌ಫೈಟರ್ ಎಂಬ, ಮುಳ್ಳಿನ ಉರುಳೆಯಂಥ ಸಲಕರಣೆ ಓಡಿಸಿ ಹಕ್ಕಳೆ ಒಡೆಯುತ್ತಾರೆ. ಈ ಕೆಲಸವನ್ನು ಪಟ್ಟಿಗೆ ಹಾಕಲು ಮರೆತವರೇ ಹೆಚ್ಚು.

ಬಂದ ಅಂಕಿ ಸಣ್ಣದೆಂದು ಕಡೆಗಣಿಸಬೇಡಿ. ಹೆಕ್ಟೇರಿಗೆ 14 ಟನ್ ಎಂದರೆ ಸುಮಾರು 1 ಮಿ.ಮೀ. ಮಣ್ಣು, ಕಣ್ಣಿಗೆ ಕಾಣದು.

ಪ್ರಶ್ನೆ: ಇದನ್ನು ನಮ್ಮ ಕಡೆಯ ಹೊಲಕ್ಕೆ ಬಳಸಬಹುದೇ?
– ಓದುಗರು, ಚಳ್ಳಕೆರೆ

ಉತ್ತರ: ಓಡಿಸಬಹುದು, ಆದರೆ ಅದರೊಳಗಿನ ಗಾಳಿ, ಮಣ್ಣಿನ ದತ್ತಾಂಶ ಅಮೆರಿಕದ್ದು, ಇಲ್ಲಿಯದನ್ನು ನೀವೇ ತುಂಬಬೇಕು. ದಿನದ ಸರಾಸರಿ ಗಾಳಿ ಸಾಲದು, ಗಂಟೆಗಂಟೆಯದು ಬೇಕು: ಸರಾಸರಿ ಸೆಕೆಂಡಿಗೆ 4 ಮೀಟರ್ ಇದ್ದ ದಿನವೂ ಮಧ್ಯಾಹ್ನ 10 ಮುಟ್ಟಿರಬಹುದು. ನಮ್ಮ ದೇಶದಲ್ಲಿ ಗಾಳಿಯ ಕಾಟ ಮುಖ್ಯವಾಗಿ ಪಶ್ಚಿಮ ರಾಜಸ್ಥಾನದ್ದು. ನಿಮ್ಮಲ್ಲಿ ಮೊದಲು ನೋಡಬೇಕಾದ್ದು ಮಳೆನೀರಿನ ಕೊಚ್ಚಣೆ; ಅದಕ್ಕೆ ಬೇರೆ ಮಾದರಿಗಳಿವೆ.