ಒಣ, ಸೂಕ್ಷ್ಮ ಚರ್ಮಕ್ಕೆ ಹಗುರವಾದ ಬಾಡಿ ಆಯಿಲ್ ಯಾವುದು ತೆಗೆದುಕೊಳ್ಳಲಿ?

ಮೊಣಕಾಲಿನಿಂದ ಕೆಳಗೆ ಚರ್ಮ ಒಣಗಿ ಬಿಳಿ ಹೊಟ್ಟು ಉದುರುತ್ತದೆ, ಲೋಷನ್ ಹಚ್ಚಿದರೆ ಕೆಲವೊಮ್ಮೆ ಉರಿಯುತ್ತದೆ, ಎಣ್ಣೆ ಹಚ್ಚಿದರೆ ಬಟ್ಟೆಗೆಲ್ಲ ಅಂಟುತ್ತದೆ, ಹಾಗಾದರೆ ಹಗುರವಾದ ಯಾವ ಬಾಡಿ ಆಯಿಲ್ ತೆಗೆದುಕೊಳ್ಳಲಿ ಎಂದು ಕೇಳಿದ್ದೀರಿ. ನನ್ನದೂ ಇಂಥದೇ ಚರ್ಮ, ಚಿಕ್ಕಂದಿನಿಂದಲೂ ಹೀಗೇ. ನಾನು ಡಾಕ್ಟರ್ ಅಲ್ಲ. ಆದರೆ ಈ ವಿಷಯವನ್ನು ವರ್ಷಗಳಿಂದ ಓದಿಕೊಂಡು, ನನ್ನ ಮೈಮೇಲೆ ಹಚ್ಚಿ ನೋಡಿಕೊಂಡು ಬಂದಿದ್ದೇನೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಪರಿಮಳ ಸೇರಿಸದ, ಒಂದೋ ಎರಡೋ ಎಣ್ಣೆ ಮಾತ್ರ ಇರುವ ಬಾಟಲಿ ತೆಗೆದುಕೊಳ್ಳಿ. ಸ್ಕ್ವಾಲೇನ್, ಜೊಜೋಬಾ, ಸೂರ್ಯಕಾಂತಿ ಬೀಜದ ಎಣ್ಣೆ, ಈ ಮೂರರಲ್ಲಿ ಯಾವುದಾದರೂ ಆದೀತು. ಸ್ನಾನ ಮುಗಿದ ಕೂಡಲೇ ಮೈ ಇನ್ನೂ ಒದ್ದೆ ಇರುವಾಗ ಒಂಚೂರೇ ಒಂಚೂರು ಹಚ್ಚಿ. ಬಾಟಲಿಯಲ್ಲಿ ಯಾವ ದುಬಾರಿ ಎಣ್ಣೆ ಇದೆ ಅಂತ ಹುಡುಕಬೇಡಿ. ಬೇಡದ್ದು ಏನೇನು ಸೇರಿಸಿದ್ದಾರೆ ಅಂತ ನೋಡಿ. ಸೂಕ್ಷ್ಮ ಚರ್ಮದವರಿಗೆ ಆಯ್ಕೆ ಅಲ್ಲೇ ಮುಗಿಯುತ್ತದೆ.

ಈಗ ಕಾರಣಕ್ಕೆ ಬರೋಣ. ಚರ್ಮದ ತೀರಾ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಆ ಕೋಶಗಳ ನಡುವೆ ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನಾಮ್ಲ ಎಂಬ ಜಿಡ್ಡಿನ ಪದಾರ್ಥಗಳು ತುಂಬಿರುತ್ತವೆ. ಒಳಗಿನ ನೀರು ಹೊರಗೆ ಹೋಗದಂತೆ ತಡೆಯುವುದು ಇವೇ. ಇವು ಕಡಿಮೆಯಾದಾಗ ನೀರು ಆರಿಹೋಗುತ್ತದೆ, ಹೊರಗಿನ ಸೋಪು, ಸುಗಂಧ ಒಳಗೆ ಇಳಿಯುತ್ತದೆ. ಅದಕ್ಕೇ ಒಣ ಚರ್ಮ, ಉರಿಯುವ ಚರ್ಮ ಎರಡೂ ಎಷ್ಟೋ ಸಲ ಒಟ್ಟಿಗೇ ಇರುತ್ತವೆ. ಮೊಣಕಾಲಿನ ಕೆಳಗೇ ಯಾಕೆ ಜಾಸ್ತಿ ಅಂದರೆ, ಅಲ್ಲಿ ಎಣ್ಣೆ ಗ್ರಂಥಿಗಳು ತುಂಬಾ ಕಡಿಮೆ. ಮುಖದಲ್ಲಿ, ಎದೆ ಮತ್ತು ಬೆನ್ನಿನ ಮೇಲ್ಭಾಗದಲ್ಲಿ ಬೇಕಾದಷ್ಟಿವೆ.

ಬಾಡಿ ಆಯಿಲ್‌ನಲ್ಲಿ ನೀರು ಇರುವುದೇ ಇಲ್ಲ. ಆದ್ದರಿಂದ ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರಿಗೆ ಮುಚ್ಚಳ ಹಾಕುತ್ತದೆ ಅಷ್ಟೇ. ಪೂರ್ತಿ ಒಣಗಿದ ಕಾಲಿಗೆ ಹಚ್ಚಿದರೆ ಹೊಳಪು ಬರುತ್ತದೆ, ಬಿಳಿ ಹೊಟ್ಟು ಕೂತುಕೊಳ್ಳುತ್ತದೆ, ಬಿಗಿತ ಮಾತ್ರ ಹಾಗೇ ಉಳಿಯುತ್ತದೆ. ಸಾಲಲಿಲ್ಲವೇನೋ ಅಂತ ಇನ್ನಷ್ಟು ಸುರಿಯುತ್ತೇವೆ, ಅದು ಬಟ್ಟೆಗೆ ಹೋಗುತ್ತದೆ. ನಿಮ್ಮ ಅಂಟಿನ ತೊಂದರೆಗೆ ಎಣ್ಣೆಯ ಜಾತಿಗಿಂತ ಹಚ್ಚುವ ಹೊತ್ತು, ಹಚ್ಚುವ ಪ್ರಮಾಣ ದೊಡ್ಡ ಕಾರಣ ಇರಬಹುದು ಅಂತ ನನ್ನ ಅನಿಸಿಕೆ.

ಹೀಗೆ ಮಾಡಿ ನೋಡಿ. ಬಿಸಿ ಬಿಸಿ ನೀರು ಬೇಡ, ಉಗುರು ಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷದಲ್ಲಿ ಸ್ನಾನ ಮುಗಿಸಿ. ಟವೆಲ್‌ನಿಂದ ಉಜ್ಜಬೇಡಿ, ಸುಮ್ನೆ ಒತ್ತಿ ತೆಗೆಯಿರಿ. ಮೈಮೇಲೆ ಹನಿ ನಿಂತಿರಬಾರದು, ಆದರೆ ಮುಟ್ಟಿದರೆ ತಣ್ಣಗೆ, ಒದ್ದೆ ಅನ್ನಿಸಬೇಕು. ಅಂಗೈಗೆ ನಾಲ್ಕೈದು ಹನಿ ಎಣ್ಣೆ ಹಾಕಿ, ಎರಡೂ ಕೈಗೆ ಸವರಿಕೊಂಡು, ಪಾದದ ಗಂಟಿನಿಂದ ಮೊಣಕಾಲಿನವರೆಗೆ ಎಳೆಯಿರಿ. ಮೊದಲು ನೀರು ಎಣ್ಣೆ ಬೆರೆತು ಕೈ ಸರ್ರನೆ ಜಾರುತ್ತದೆ. ಹಾಗೇ ಸವರುತ್ತಾ ಹೋದರೆ ಒಂದು ಹಂತದಲ್ಲಿ ಕೈ ಸ್ವಲ್ಪ ತಡೆದಂತಾಗುತ್ತದೆ, ನೀರಿನ ತಂಪು ಹೋಗಿರುತ್ತದೆ. ಅಲ್ಲಿಗೆ ನಿಲ್ಲಿಸಿ. ಆಗಲೂ ಬಿಗಿ ಅನ್ನಿಸಿದರೆ ಮಾತ್ರ ಇನ್ನೆರಡು ಹನಿ. ಬಟ್ಟೆ ಹಾಕುವ ಮೊದಲು ಐದು ನಿಮಿಷ ಬಿಡಿ. ಒಂದು ಕಾಲಿಗೆ ನಾಲ್ಕೈದು ಹನಿ ಸಾಕಾಗುತ್ತದೆ ಅಂದರೆ ಮೊದಲು ನಂಬುವುದು ಕಷ್ಟ. ಒದ್ದೆ ಮೈಮೇಲೆ ನಿಜಕ್ಕೂ ಸಾಕಾಗುತ್ತದೆ.

ಇನ್ನು ಎಣ್ಣೆಗಳ ವಿಷಯ. ಹಗುರ ಎಂಬ ಮಾತಿಗೆ ಸರಿಯಾದ ಅಳತೆ ಇಲ್ಲ. ಬೇಗ ಹರಡಬೇಕು, ತೆಳ್ಳಗಿರಬೇಕು, ಹಚ್ಚಿದ ಮೇಲೆ ಜಿಡ್ಡು ಉಳಿಯಬಾರದು, ಸಾಮಾನ್ಯವಾಗಿ ನಾವು ಕೇಳುವುದು ಇಷ್ಟೇ ಅಲ್ವಾ? ಈ ಲೆಕ್ಕದಲ್ಲಿ ನನ್ನ ಮೊದಲ ಆಯ್ಕೆ ಸ್ಕ್ವಾಲೇನ್. ನಮ್ಮ ಚರ್ಮವೇ ಸುರಿಸುವ ಜಿಡ್ಡಿನಲ್ಲಿ ಸುಮಾರು ಶೇ. 12ರಷ್ಟು ಸ್ಕ್ವಾಲೀನ್ ಎಂಬ ಪದಾರ್ಥ ಇರುತ್ತದೆ. ಅದು ಗಾಳಿ ತಾಗಿದರೆ ಬೇಗ ಕೆಡುತ್ತದೆ. ಅದಕ್ಕೆ ಹೈಡ್ರೋಜನ್ ಸೇರಿಸಿ ಕೆಡದಂತೆ ಮಾಡಿದ ರೂಪವೇ ಸ್ಕ್ವಾಲೇನ್. ಬಣ್ಣ ಇಲ್ಲ, ವಾಸನೆ ಇಲ್ಲ, ನೀರಿನಂತೆ ತೆಳ್ಳಗೆ. ಹಿಂದೆ ಇದನ್ನು ಹೆಚ್ಚಾಗಿ ಶಾರ್ಕ್ ಮೀನಿನ ಪಿತ್ತಜನಕಾಂಗದಿಂದ ಮಾಡುತ್ತಿದ್ದರು, ಅದು ಇನ್ನೂ ಪೂರ್ತಿ ನಿಂತಿಲ್ಲ. ಈಗ ಆಲಿವ್‌ನಿಂದ, ಕಬ್ಬಿನ ಸಕ್ಕರೆಯಿಂದ ಮಾಡಿದ್ದು ಸಿಗುತ್ತದೆ. ಯಾವುದರಿಂದ ಮಾಡಿದ್ದು ಅಂತ ಬಾಟಲಿ ಮೇಲೆ ಬರೆದಿರುವುದನ್ನೇ ಕೊಳ್ಳಿ, ಇದು ನನ್ನ ಕಳಕಳಿಯ ಮಾತು.

ಜೊಜೋಬಾ ಎಂಬ ಗಿಡದ ಬೀಜದಿಂದ ಬರುವುದು ಹೆಸರಿಗೆ ಎಣ್ಣೆ, ನಿಜದಲ್ಲಿ ಬಹುಪಾಲು ದ್ರವರೂಪದ ಮೇಣ. ಅದಕ್ಕೇ ಬೇಗ ಕಮಟು ಹಿಡಿಯುವುದಿಲ್ಲ. ಸ್ಕ್ವಾಲೇನ್‌ಗಿಂತ ಒಂದು ಕೈ ದಪ್ಪ, ಆದರೆ ಸೊಗಸಾಗಿ ಕೂರುತ್ತದೆ.

ಸೂರ್ಯಕಾಂತಿ ಬೀಜದ ಎಣ್ಣೆಯನ್ನು ತುಂಬಾ ಜನ ಕಡೆಗಣಿಸುತ್ತಾರೆ, ಮಾಮೂಲಿ ವಸ್ತು ಅಂತ. ನನಗೆ ಅದರ ಮೇಲೆ ಬಹಳ ಗೌರವ. ಸಾಮಾನ್ಯ ಸೂರ್ಯಕಾಂತಿ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಜಾಸ್ತಿ. ನಮ್ಮ ಚರ್ಮ ತನ್ನ ಸೆರಮೈಡ್‌ಗಳನ್ನು ಕಟ್ಟಿಕೊಳ್ಳಲು ಬಳಸುವ ಆಮ್ಲವೇ ಅದು. ಆಲಿವ್ ಎಣ್ಣೆಯಲ್ಲಿ ಓಲಿಯಿಕ್ ಆಮ್ಲ ಜಾಸ್ತಿ, ಅದು ಚರ್ಮದ ಜಿಡ್ಡಿನ ಜೋಡಣೆಯನ್ನು ಸಡಿಲ ಮಾಡುತ್ತದೆ. 2013ರಲ್ಲಿ ಪ್ರಕಟವಾದ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ದೊಡ್ಡವರ ಒಂದು ಮುಂಗೈಗೆ ಆಲಿವ್ ಎಣ್ಣೆ, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆ ಹಚ್ಚಿಸಿ ನಾಲ್ಕು ವಾರ ನೋಡಿದರು. ಆಲಿವ್ ಹಚ್ಚಿದ ಕಡೆ ಮೇಲ್ಪದರ ದುರ್ಬಲವಾಯಿತು, ಸ್ವಲ್ಪ ಕೆಂಪೂ ಆಯಿತು. ಸೂರ್ಯಕಾಂತಿ ಹಚ್ಚಿದ ಕಡೆ ಪದರ ಗಟ್ಟಿಯಾಗಿಯೇ ಉಳಿಯಿತು, ತೇವವೂ ಹೆಚ್ಚಿತು. ಕೆಲವೇ ಜನರ ಮೇಲೆ ಮಾಡಿದ ಸಣ್ಣ ಅಧ್ಯಯನ ಅದು. ಆದರೂ ಉರಿಯುವ ಚರ್ಮದವರು ಆಲಿವ್ ಎಣ್ಣೆಯನ್ನು ನೇರವಾಗಿ ಹಚ್ಚದಿರಲು ನನಗೆ ಅಷ್ಟು ಸಾಕು. ಒಂದು ಎಚ್ಚರಿಕೆ: ಹೈ ಓಲಿಯಿಕ್ ಎಂಬ ಬೇರೆ ಬಗೆಯ ಸೂರ್ಯಕಾಂತಿ ಎಣ್ಣೆಯೂ ಇದೆ. ಅದರಲ್ಲಿ ಓಲಿಯಿಕ್ ಆಮ್ಲವೇ ಮುಖ್ಯ, ಹಾಗಾಗಿ ಅದು ನಮಗೆ ಬೇಕಾದ್ದಲ್ಲ. ಕುಸುಬೆ ಎಣ್ಣೆ, ದ್ರಾಕ್ಷಿ ಬೀಜದ ಎಣ್ಣೆಯಲ್ಲೂ ಲಿನೋಲಿಯಿಕ್ ಚೆನ್ನಾಗಿದೆ, ಎರಡೂ ಹಗುರ. ಇಂಥವು ಬೇಗ ಕಮಟಾಗುತ್ತವೆ, ಅದೊಂದೇ ಕೊರತೆ.

ಬಾದಾಮಿ ಎಣ್ಣೆ ಮಧ್ಯಮ. ಬಾದಾಮಿ ತಿಂದರೆ ಅಲರ್ಜಿ ಆಗುವವರು ಅದನ್ನು ಬಿಟ್ಟುಬಿಡುವುದೇ ಒಳ್ಳೆಯದು. ತೆಂಗಿನೆಣ್ಣೆ ಒಣ ಚರ್ಮಕ್ಕೆ ಒಳ್ಳೆಯದೇ, ಆದರೆ ಹಗುರ ಅಲ್ಲ. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಮೊಡವೆ ಏಳುವ ಮೈಗೆ ಸರಿಹೋಗದೇ ಇರಬಹುದು.

ಮಿನರಲ್ ಆಯಿಲ್ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆಟ್ರೋಲಿಯಂನಿಂದ ಬಂದದ್ದು ಅಂತ ಕೇಳಿಯೇ ಜನ ಹೆದರುತ್ತಾರೆ. ಚರ್ಮಕ್ಕೆಂದು ಶುದ್ಧ ಮಾಡಿದ ಮಿನರಲ್ ಆಯಿಲ್‌ಗೆ ಅಲರ್ಜಿ ಆಗುವುದು ತೀರಾ ಅಪರೂಪ. ಕಮಟಾಗುವುದಿಲ್ಲ, ನೀರು ಆರುವುದನ್ನು ಚೆನ್ನಾಗಿ ತಡೆಯುತ್ತದೆ, ಬೆಲೆಯೂ ಕಡಿಮೆ. ಯಾವ ಗಿಡದ ಎಣ್ಣೆಯೂ ಒಗ್ಗದವರಿಗೆ ನಾನು ಧೈರ್ಯವಾಗಿ ಇದನ್ನೇ ಹೇಳುತ್ತೇನೆ. ಗಿಡದಿಂದ ಬಂದದ್ದೆಲ್ಲ ಸೌಮ್ಯ ಎಂಬ ನಂಬಿಕೆ ನಮ್ಮಂಥವರಿಗೆ ಬಹಳ ತೊಂದರೆ ಕೊಟ್ಟಿದೆ.

ಅದಕ್ಕೆ ದೊಡ್ಡ ಉದಾಹರಣೆ ಸುಗಂಧ. ಬಾಡಿ ಆಯಿಲ್ ಅಂದ ಕೂಡಲೇ ಲ್ಯಾವೆಂಡರ್, ಕಿತ್ತಳೆ ಸಿಪ್ಪೆ, ಟೀ ಟ್ರೀ ಎಲ್ಲ ಹಾಕಿರುತ್ತಾರೆ. ಲ್ಯಾವೆಂಡರ್‌ನಲ್ಲಿ ಲಿನಲೂಲ್, ಕಿತ್ತಳೆಯಲ್ಲಿ ಲಿಮೊನೀನ್ ಇರುತ್ತದೆ. ಹೊಸದಾಗಿದ್ದಾಗ ಇವು ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಮುಚ್ಚಳ ತೆಗೆದು ಮುಚ್ಚಿ, ಗಾಳಿ ಸೇರಿ ಸೇರಿ, ಇವು ಹೈಡ್ರೊಪೆರಾಕ್ಸೈಡ್ ಎಂಬ ರೂಪಕ್ಕೆ ತಿರುಗುತ್ತವೆ. ಅದು ಚೆನ್ನಾಗಿ ಗೊತ್ತಿರುವ ಅಲರ್ಜಿಕಾರಕ. ಮೊದಲೆಲ್ಲ ಏನೂ ಆಗದ ಬಾಟಲಿ ಎಷ್ಟೋ ತಿಂಗಳ ಮೇಲೆ ಇದ್ದಕ್ಕಿದ್ದಂತೆ ಕೆರೆತ ತಂದರೆ ಇದೂ ಒಂದು ಕಾರಣ ಇರಬಹುದು. ಒಮ್ಮೆ ಅಲರ್ಜಿ ಹಿಡಿದರೆ ಸಾಮಾನ್ಯವಾಗಿ ಅದು ಹೋಗುವುದಿಲ್ಲ. ಆಮೇಲೆ ಅದೇ ಲಿನಲೂಲ್ ಇರುವ ಸೋಪು, ಶಾಂಪೂ ಎಲ್ಲಕ್ಕೂ ಹೆದರಬೇಕಾಗುತ್ತದೆ. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ, ನೀವೂ ಆಗಬೇಡಿ.

ಬಾಟಲಿಯ ಮುಂಭಾಗದ ಮಾತುಗಳನ್ನು ನಂಬಿ ಕೂರಬೇಡಿ. ಹೈಪೊಅಲರ್ಜೆನಿಕ್ ಎಂಬ ಪದಕ್ಕೆ ಅಮೆರಿಕದಲ್ಲಿ ಸರ್ಕಾರದ ಯಾವ ಮಾನದಂಡವೂ ಇಲ್ಲ. ಅನ್‌ಸೆಂಟೆಡ್ ಅಂತ ಬರೆದಿದ್ದರೂ ಮೂಲ ವಾಸನೆ ಮರೆಸಲು ಬೇರೆ ಸುಗಂಧ ಸೇರಿಸಿರಬಹುದು. ಫ್ರಾಗ್ರೆನ್ಸ್ ಫ್ರೀ ಅಂತ ಇರುವುದನ್ನು ಹುಡುಕಿ, ಅದನ್ನೂ ಹಿಂಭಾಗದ ಪಟ್ಟಿ ಓದಿಯೇ ಖಚಿತ ಮಾಡಿಕೊಳ್ಳಿ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು ಬರುತ್ತದೆ. ಹೀಲಿಯಾಂಥಸ್ ಆನ್ಯೂಅಸ್ ಅಂದರೆ ಸೂರ್ಯಕಾಂತಿ, ಸಿಮಂಡ್ಸಿಯಾ ಚೈನೆನ್ಸಿಸ್ ಅಂದರೆ ಜೊಜೋಬಾ. ಟೊಕೊಫೆರಾಲ್ ಅಂದರೆ ವಿಟಮಿನ್ ಇ, ಎಣ್ಣೆ ಕೆಡದಿರಲಿ ಅಂತ ಹಾಕುತ್ತಾರೆ, ಹೆದರಬೇಕಿಲ್ಲ. ಪರ್ಫ್ಯೂಮ್, ಫ್ರಾಗ್ರೆನ್ಸ್, ಲಿನಲೂಲ್, ಲಿಮೊನೀನ್, ಜೆರಾನಿಯಾಲ್, ಸಿಟ್ರಾಲ್ ಇವುಗಳಲ್ಲಿ ಯಾವುದು ಕಂಡರೂ ವಾಪಸ್ ಇಟ್ಟುಬಿಡಿ. ಯುರೋಪಿಯನ್ ಒಕ್ಕೂಟದಲ್ಲಿ ಹೀಗೆ ಹೆಸರು ಹಿಡಿದು ಬರೆಯಲೇಬೇಕಾದ ಸುಗಂಧಗಳು ಮೊದಲು 26 ಇದ್ದವು, 2023ರ ನಿಯಮದಲ್ಲಿ ಅದು 80 ದಾಟಿತು. ಹೊಸ ಉತ್ಪನ್ನಗಳ ಪಟ್ಟಿ ಉದ್ದವಾಗಿ ಕಂಡರೆ ಅದೂ ಒಂದು ಕಾರಣ ಇರಬಹುದು. ಡ್ರೈ ಆಯಿಲ್ ಅಂತ ಮಾರುವುದು ಹಚ್ಚಿದ ಕೂಡಲೇ ಮಾಯವಾದಂತೆ ಅನ್ನಿಸುತ್ತದೆ. ಅದರಲ್ಲಿ ಹೆಚ್ಚಾಗಿ ಆರಿಹೋಗುವ ಸಿಲಿಕೋನ್ ಅಥವಾ ಐಸೊಪ್ರೊಪೈಲ್ ಮಿರಿಸ್ಟೇಟ್‌ನಂಥದ್ದು ಇರುತ್ತದೆ. ಮುಟ್ಟಲು ಹಿತ, ಆದರೆ ತೀರಾ ಒಣಗಿದ ಕಾಲಿಗೆ ಸಾಲುವುದಿಲ್ಲ.

ಲೋಷನ್ ಯಾಕೆ ಉರಿಯುತ್ತದೆ ಎಂಬುದಕ್ಕೂ ಪಟ್ಟಿಯಲ್ಲೇ ಸುಳಿವು ಸಿಗಬಹುದು. ಲೋಷನ್‌ನಲ್ಲಿ ನೀರಿರುವುದರಿಂದ ಕೆಡದಂತೆ ಸಂರಕ್ಷಕ ಹಾಕಲೇಬೇಕು. ಅವುಗಳಲ್ಲಿ ಮೀಥೈಲ್ ಐಸೊಥಯಾಜೊಲಿನೋನ್ ಎಂಬುದು ಎಷ್ಟು ಅಲರ್ಜಿ ಮಾಡಿತು ಅಂದರೆ, ಹಚ್ಚಿ ಮೈಮೇಲೇ ಬಿಡುವ ಉತ್ಪನ್ನಗಳಲ್ಲಿ ಯುರೋಪ್ ಅದನ್ನು 2017ರಿಂದ ನಿಷೇಧಿಸಿತು. ಚರ್ಮ ಮೆದುವಾಗಲಿ ಅಂತ ಹಾಕುವ ಯೂರಿಯಾ, ಲ್ಯಾಕ್ಟಿಕ್ ಆಮ್ಲ ಕೂಡ ಬಿರುಕಿದ್ದ ಕಡೆ ಚುರ್ ಅನ್ನಿಸುತ್ತವೆ. ನೀರಿಲ್ಲದ ಬರೀ ಎಣ್ಣೆಗೆ ಸಾಮಾನ್ಯವಾಗಿ ಸಂರಕ್ಷಕವೇ ಬೇಕಾಗುವುದಿಲ್ಲ. ನಮ್ಮಂಥವರಿಗೆ ಎಣ್ಣೆಯ ನಿಜವಾದ ಲಾಭ ಇದೇ. ಹಾಗಂತ ಎಣ್ಣೆಯೊಂದರಿಂದಲೇ ಎಲ್ಲ ಆಗುತ್ತದೆ ಅಂತ ಹೇಳಲಾರೆ. ಚಳಿಗಾಲದಲ್ಲಿ ನಾನು ಗ್ಲಿಸರಿನ್ ಇರುವ, ಪರಿಮಳ ಇಲ್ಲದ ಕ್ರೀಮ್ ಮೊದಲು ಹಚ್ಚಿ, ಅದರ ಮೇಲೆ ಎರಡು ಹನಿ ಎಣ್ಣೆ ಸವರುತ್ತೇನೆ. ಗ್ಲಿಸರಿನ್ ನೀರು ಹಿಡಿದಿಡುತ್ತದೆ, ಎಣ್ಣೆ ಅದನ್ನು ಆರಲು ಬಿಡುವುದಿಲ್ಲ.

ಹೊಸ ಬಾಟಲಿ ತಂದ ದಿನವೇ ಮೈತುಂಬಾ ಹಚ್ಚಬೇಡಿ. ಮೊಣಕೈ ಒಳಭಾಗದಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲದಂತೆ 7ರಿಂದ 10 ದಿನ ಹಚ್ಚಿ. ಅಲರ್ಜಿ ಕೂಡಲೇ ಕಾಣಿಸಬೇಕೆಂದಿಲ್ಲ, ದಿನಗಳು ಬೇಕಾಗಬಹುದು. ಒಂದೇ ರಾತ್ರಿ ನೋಡಿ ಸರಿ ಇದೆ ಅನ್ನುವುದು ಸಾಲದು. ಕೆಂಪಾಗದೆ, ಕೆರೆಯದೆ ಇದ್ದರೆ ಕಾಲಿಗೆ ಹಚ್ಚಲು ಶುರು ಮಾಡಿ. ಬೆನ್ನು, ಎದೆಯ ಮೇಲೆ ಒಂದೇ ಗಾತ್ರದ ಸಣ್ಣ ಸಣ್ಣ ಗುಳ್ಳೆ ಎದ್ದು ಕೆರೆಯುವವರು ಅಲ್ಲಿಗೆ ಗಿಡದ ಎಣ್ಣೆ ಹಚ್ಚಬೇಡಿ. ಮಲಸೇಜಿಯಾ ಎಂಬ ಯೀಸ್ಟ್ ಅಂಥ ಎಣ್ಣೆಯ ಕೊಬ್ಬಿನಾಮ್ಲ ತಿಂದೇ ಬೆಳೆಯುತ್ತದೆ. ಸ್ಕ್ವಾಲೇನ್, ಮಿನರಲ್ ಆಯಿಲ್ ಅದಕ್ಕೆ ಆಹಾರ ಆಗುವುದಿಲ್ಲ.

ಸಣ್ಣ ಬಾಟಲಿಯನ್ನೇ ಕೊಳ್ಳಿ, ಬಿಸಿಲಿನಿಂದ ದೂರ ಇಡಿ. ಕಮಟು ವಾಸನೆ ಬಂದರೆ ಮುಲಾಜಿಲ್ಲದೆ ಎಸೆಯಿರಿ. ಬಚ್ಚಲಲ್ಲಿ ನಿಂತು ಹಚ್ಚುವುದಾದರೆ ಕಾಲಡಿ ಜಾರದಂತೆ ಮ್ಯಾಟ್ ಇರಲಿ. ಎಣ್ಣೆ ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಹಚ್ಚಿಕೊಂಡ ಕೂಡಲೇ ಒಲೆ ಮುಂದೆ ನಿಲ್ಲಬೇಡಿ.

ಬಿರುಕಿನಿಂದ ರಕ್ತ ಬರುತ್ತಿದ್ದರೆ, ನೀರು ಒಸರುತ್ತಿದ್ದರೆ, ಕೆರೆತದಿಂದ ರಾತ್ರಿ ಎಚ್ಚರವಾಗುತ್ತಿದ್ದರೆ, ಇಲ್ಲಾ ಎರಡು ಮೂರು ವಾರ ಹೀಗೆ ಹಚ್ಚಿದರೂ ಏನೂ ಬದಲಾಗದಿದ್ದರೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಅದು ಎಕ್ಸಿಮಾ ಇರಬಹುದು. ಥೈರಾಯ್ಡ್ ಕಡಿಮೆ ಕೆಲಸ ಮಾಡಿದರೂ, ಸಕ್ಕರೆ ಕಾಯಿಲೆ ಇದ್ದರೂ ಚರ್ಮ ಹೀಗೆ ಒಣಗುತ್ತದೆ. ಹೋಗುವಾಗ ಈಗ ಬಳಸುತ್ತಿರುವ ಸೋಪು, ಲೋಷನ್, ಎಣ್ಣೆ ಬಾಟಲಿಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವುದು ಉರಿ ತರುತ್ತಿದೆ ಎಂದು ಹುಡುಕುವಾಗ ಅವರು ಮೊದಲು ಕೇಳುವುದು ಅವನ್ನೇ.