ಅಮ್ಮನ ಕೈಗೆ ಗೊಂಬೆ ಕೊಡಬಹುದೇ?

ಪ್ರಶ್ನೆ: ನನ್ನ ತಾಯಿಗೆ 79 ವರ್ಷ. ಆಲ್ಝೈಮರ್ಸ್ ಕಾಯಿಲೆಯೆಂದು ತಿಳಿದು ಆರು ವರ್ಷಗಳಾದವು. ಅವರು ಮೂವತ್ತು ವರ್ಷ ಗಣಿತ ಕಲಿಸಿದವರು. ಕೆಲವು ತಿಂಗಳುಗಳಿಂದ ಸಂಜೆಯಾಯಿತೆಂದರೆ ಬಾಗಿಲ ಬಳಿ ನಿಂತು, "ಮಗು ಅಳುತ್ತಿದೆ, ನಾನು ಹೋಗಬೇಕು" ಎಂದು ಹಟ ಹಿಡಿಯುತ್ತಾರೆ. ಅವರನ್ನು ನೋಡಿಕೊಳ್ಳುವ ನರ್ಸ್ ಒಂದು ಗೊಂಬೆ ತಂದಿಟ್ಟು ನೋಡೋಣ ಎನ್ನುತ್ತಾರೆ. ಅಂಥ ತಾಯಿಯ ಕೈಗೆ ಆಟಿಕೆ ಕೊಡುವುದು ಅವಮಾನ, ಅದು ಸುಳ್ಳು ಹೇಳಿದಂತೆ ಎಂದು ನನ್ನ ತಮ್ಮ ಸಿಟ್ಟಾಗಿದ್ದಾನೆ. ಏನು ಮಾಡಲಿ?
— ಹೆಸರು ಪ್ರಕಟಿಸಬೇಡಿ

ಉತ್ತರ: ನಿಮ್ಮ ತಮ್ಮನ ಸಿಟ್ಟಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ತಳ್ಳಿಹಾಕುವಂಥದ್ದಲ್ಲ. ಬ್ರಿಟನ್ನಿನ ಮನೋವಿಜ್ಞಾನಿ ಟಾಮ್ ಕಿಟ್‌ವುಡ್ 1997ರಲ್ಲಿ ಪ್ರಕಟಿಸಿದ ಕೃತಿಯಲ್ಲಿ, ಆರೈಕೆ ಮಾಡುವವರು ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಡಿಮೆನ್ಷಿಯಾ (ಆಲ್ಝೈಮರ್ಸ್‌ನಂಥ ಕಾಯಿಲೆಗಳಿಂದ ನೆನಪು, ಯೋಚನಾಶಕ್ತಿ ಕುಂದುವ ಸ್ಥಿತಿ) ಇರುವವರ ವ್ಯಕ್ತಿತ್ವವನ್ನು ಹೇಗೆಲ್ಲ ಕುಗ್ಗಿಸುತ್ತಾರೆ ಎಂಬುದನ್ನು ಪಟ್ಟಿ ಮಾಡಿದ್ದಾರೆ. ಹಿರಿಯರನ್ನು ಮಕ್ಕಳಂತೆ ನಡೆಸಿಕೊಳ್ಳುವುದೂ ಅವರಿಗೆ ಸುಳ್ಳು ಹೇಳುವುದೂ ಅದರಲ್ಲಿವೆ. ಆದರೆ ಗೊಂಬೆಯನ್ನು ಎತ್ತಿಕೊಂಡ ತಾಯಿ ಆ ಹೊತ್ತಿನಲ್ಲಿ ಯಾವ ಸ್ಥಾನದಲ್ಲಿರುತ್ತಾರೆ ಎಂಬುದನ್ನು ಗಮನಿಸಿ. ದಿನವಿಡೀ ಇನ್ನೊಬ್ಬರಿಂದ ಸ್ನಾನ, ಊಟ, ಉಡುಪು ಮಾಡಿಸಿಕೊಳ್ಳುವ ಅವರು ಆ ಅರ್ಧ ಗಂಟೆ ತಾವೇ ನೋಡಿಕೊಳ್ಳುವವರಾಗಿರುತ್ತಾರೆ.

ಆಲ್ಝೈಮರ್ಸ್ ಕಾಯಿಲೆಯಲ್ಲಿ ಸಾಮಾನ್ಯವಾಗಿ ಇತ್ತೀಚಿನ ನೆನಪುಗಳು ಮೊದಲು ಅಳಿಯುತ್ತವೆ, ಹಳೆಯವು ಹೆಚ್ಚು ಕಾಲ ಉಳಿಯುತ್ತವೆ. ಹೀಗಾಗಿ ನೀವು ಎಳೆಗೂಸಾಗಿದ್ದ ಕಾಲವೇ ನಿಮ್ಮ ತಾಯಿಗೆ ಇಂದಿನ ಸಂಜೆಯಾಗಿರಬಹುದು. ಡಚ್ ಮನೋವಿಜ್ಞಾನಿ ಬೆರೆ ಮೀಸೆನ್ ಅವರು ಮನೋವೈದ್ಯ ಜಾನ್ ಬೌಲ್ಬಿಯವರ ಬಾಂಧವ್ಯ ಸಿದ್ಧಾಂತವನ್ನು (ಹೆದರಿದ ಮಗು ಭದ್ರತೆಗಾಗಿ ತನ್ನ ಆಪ್ತರನ್ನು ಅರಸುತ್ತದೆ ಎಂಬುದನ್ನು) ಡಿಮೆನ್ಷಿಯಾಕ್ಕೆ ಅನ್ವಯಿಸಿ, ಸುತ್ತಲಿನದೆಲ್ಲ ಅಪರಿಚಿತವಾಗತೊಡಗಿದಾಗ ಮನಸ್ಸು ಭದ್ರತೆಗಾಗಿ ಹಳೆಯ ಆಪ್ತ ಸಂಬಂಧಗಳನ್ನು ಅರಸುತ್ತದೆ ಎಂದು ವಿವರಿಸಿದರು. ಗೊಂಬೆಯ ಬಳಕೆಗೆ ಸಾಮಾನ್ಯವಾಗಿ ನೀಡುವ ಸಮರ್ಥನೆಯೂ ಇದೇ.

ಆದರೂ ಗೊಂಬೆ ತರುವುದಕ್ಕೆ ಮೊದಲು ಒಮ್ಮೆ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ಹೇಳಿಕೊಳ್ಳಲಾಗದ ನೋವು, ಇವುಗಳಲ್ಲಿ ಯಾವುದೂ ಇಂಥ ಚಡಪಡಿಕೆಗೆ ಕಾರಣವಾಗಬಹುದು. ನೋವಿಗೆ ಗೊಂಬೆ ಮದ್ದಲ್ಲ. ಶಾಂತಗೊಳಿಸುವ ಮಾತ್ರೆಗಳನ್ನೇ ಮೊದಲು ಕೇಳುವವರಿದ್ದಾರೆ. ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಹೊಸ ತಲೆಮಾರಿನ ಆ್ಯಂಟಿಸೈಕೋಟಿಕ್ (ತೀವ್ರ ಮಾನಸಿಕ ಕಾಯಿಲೆಗಳಿಗೆ ಕೊಡುವ) ಔಷಧಗಳು ಸಾವಿನ ಅಪಾಯವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿ, 2008ರಲ್ಲಿ ಹಳೆಯ ಔಷಧಗಳಿಗೂ ಆ ಎಚ್ಚರಿಕೆಯನ್ನು ವಿಸ್ತರಿಸಿತು. ಅಗತ್ಯವಿದ್ದಾಗ ವೈದ್ಯರು ಅವುಗಳನ್ನು ಬರೆಯುತ್ತಾರೆ ನಿಜ, ಆದರೆ ಮಾತ್ರೆಯಿಲ್ಲದ ದಾರಿಗಳನ್ನು ಮೊದಲು ನೋಡುವುದೇ ಒಳ್ಳೆಯದು. ಗೊಂಬೆಯಿಂದ ಕಾಯಿಲೆ ವಾಸಿಯಾಗುವುದಿಲ್ಲ, ನಿಧಾನವಾಗುವುದೂ ಇಲ್ಲ. ಈ ಕುರಿತ ಅಧ್ಯಯನಗಳು ಹೆಚ್ಚಿನವು ಸಣ್ಣವು, ಆರೈಕೆ ಕೇಂದ್ರಗಳಲ್ಲಿ ನಡೆದವು. ಚಡಪಡಿಕೆ ಇಳಿಯಿತು, ಮಾತುಕತೆ ಹೆಚ್ಚಿತು ಎಂದು ಅವು ಹೇಳುತ್ತವೆ.

ಇನ್ನು ಗೊಂಬೆ ಕೊಡುವ ಬಗೆ. ನೇರವಾಗಿ ಮಡಿಲಿಗೆ ಹಾಕಬೇಡಿ. ತಾಯಿಯವರು ಓಡಾಡುವ ಜಾಗದಲ್ಲಿ, ಕುರ್ಚಿಯ ಮೇಲೆ ಮೆತ್ತನೆಯ ಬಟ್ಟೆಯಲ್ಲಿ ಮಲಗಿಸಿಟ್ಟು ಸುಮ್ಮನಿರಿ. ಎತ್ತಿಕೊಳ್ಳುವುದೂ ಬಿಡುವುದೂ ಅವರಿಗೆ ಸೇರಿದ್ದು. ಕೂಸಿನಷ್ಟೇ ದೊಡ್ಡದಾಗಿ, ಸ್ವಲ್ಪ ಭಾರವಾಗಿ, ಕಣ್ಣು ತೆರೆದು ಮುಚ್ಚುವಂತಿದ್ದರೆ ಸಾಕು. ಗುಂಡಿ ಒತ್ತಿದರೆ ಅಳುವ ಗೊಂಬೆಯಂತೂ ಬೇಡವೇ ಬೇಡ, ಏಕೆಂದರೆ ಸಮಾಧಾನವಾಗದ ಅಳು ಅವರ ಸಂಕಟವನ್ನೇ ಹೆಚ್ಚಿಸುತ್ತದೆ.

ನಿಮ್ಮ ತಮ್ಮ ಎತ್ತಿದ ಸುಳ್ಳಿನ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಅದನ್ನು "ಮಗು" ಎಂದು ನೀವು ಮೊದಲು ಕರೆಯಬೇಡಿ. ತಾಯಿ ಗೊಂಬೆ ಎಂದರೆ ಅದು ಗೊಂಬೆ, ಪಾಪು ಎಂದರೆ ಪಾಪು. ಅವರ ಮಾತನ್ನು ಹಿಂಬಾಲಿಸಿದರಾಯಿತು. "ಇದು ನಿಜವಾದ ಕೂಸೇ?" ಎಂದು ಕೇಳಿದರೆ, "ನಿನಗೇನು ಅನ್ನಿಸುತ್ತದೆ ಅಮ್ಮ?" ಎಂದು ಕೇಳಿ. ಗೊಂಬೆಯೆಂದು ಚೆನ್ನಾಗಿ ತಿಳಿದಿದ್ದೂ ಅದನ್ನು ಎದೆಗವಚಿಕೊಂಡು ಹಾಯಾಗಿರುವವರು ಇದ್ದಾರೆ. ಒಮ್ಮೆ ಅವರು ಅದನ್ನು ಕೂಸೆಂದು ನಂಬಿದರೆ ನೀವೂ ಹಾಗೆಯೇ ಹಿಡಿಯಬೇಕು: ಕಾಲು ಹಿಡಿದು ಎತ್ತುವುದು, ಅವರೆದುರಿಗೆ ಬಕೆಟ್ಟಿನಲ್ಲಿ ಮುಳುಗಿಸಿ ತೊಳೆಯುವುದು ಕೂಡದು.

ತೊಂದರೆಗಳೂ ಇವೆ. ಮಗುವಿಗೆ ಉಣಿಸಬೇಕೆಂದು ತಾಯಿ ತಮ್ಮ ಊಟ ಬಿಡಬಹುದು, ಎತ್ತಿಕೊಂಡೇ ದಣಿಯಬಹುದು, ಎರಡೂ ಕೈಗಳಲ್ಲಿ ಅದನ್ನು ಹಿಡಿದು ಮೆಟ್ಟಿಲಿಳಿಯಬಹುದು. ನಿಮ್ಮ ತಾಯಿ ಎಂದಾದರೂ ಕೂಸನ್ನು ಕಳೆದುಕೊಂಡಿದ್ದಾರೆಯೇ ಎಂದು ಮನೆಯ ಹಿರಿಯರನ್ನು ಕೇಳಿ ತಿಳಿದುಕೊಳ್ಳಿ. ಹಾಗಿದ್ದರೆ ನಾನು ಗೊಂಬೆಯ ಸಹವಾಸಕ್ಕೆ ಹೋಗುವುದಿಲ್ಲ. ಅಲುಗಾಡದ ಮಗು ಅವರಿಗೆ ಏನನ್ನು ನೆನಪಿಸೀತು ಎಂದು ಹೇಳಲಾಗದು. ಎರಡು ವಾರ ಇಟ್ಟರೂ ಅವರು ಅದರತ್ತ ನೋಡದಿದ್ದರೆ ತೆಗೆದಿಡಿ.

ತಮ್ಮನಿಗೆ ವಾದದಿಂದ ಒಪ್ಪಿಸುವ ಗೋಜಿಗೆ ಹೋಗಬೇಡಿ. ಮೊದಲ ಸಂಜೆ ಅವನೂ ಅಲ್ಲಿರಲಿ. ಅಮ್ಮನ ಮುಖ ಕಂಡ ಮೇಲೆ ಬೇಡವೆಂದರೆ ಆ ಮಾತಿಗೆ ಬೆಲೆಯಿದೆ.

ಪ್ರಶ್ನೆ: ಡಿಮೆನ್ಷಿಯಾ ಇರುವ ನನ್ನ ತಂದೆಗೂ ಇದು ಆಗುತ್ತದೆಯೇ?

ಉತ್ತರ: ಆಗಬಹುದು. ಗೊಂಬೆಯನ್ನು ಎತ್ತಿಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು, ಆದರೆ ಮಕ್ಕಳನ್ನು ಎತ್ತಿ ಆಡಿಸಿದ ಗಂಡಸರೂ ಇದ್ದಾರಲ್ಲ. ಕೆಲವರಿಗೆ ಕೂಸಿಗಿಂತ ಪ್ರಾಣಿಯೇ ಇಷ್ಟ. ಜಪಾನಿನಲ್ಲಿ 1993ರಿಂದ ರೂಪುಗೊಂಡ, ಮುಟ್ಟಿದರೆ ಸ್ಪಂದಿಸುವ 'ಪಾರೊ' ಎಂಬ ಯಾಂತ್ರಿಕ ಸೀಲ್ ಮರಿಯನ್ನು ಅಮೆರಿಕ 2009ರಲ್ಲಿ ವೈದ್ಯಕೀಯ ಸಾಧನವೆಂದು ಮಾನ್ಯ ಮಾಡಿದೆ. ಅದು ದುಬಾರಿ. ನಿಮ್ಮ ತಂದೆಯವರು ಬೆಕ್ಕನ್ನೋ ನಾಯಿಯನ್ನೋ ಸಾಕಿದ್ದರೆ, ಅದೇ ಬಣ್ಣದ ಮೆತ್ತನೆಯ ಬೊಂಬೆಯೊಂದನ್ನು ಅವರ ಪಕ್ಕದಲ್ಲಿಟ್ಟು ನೋಡಿ.