ಮೂಗಿನ ಹನಿ ನಿಲ್ಲಿಸಿದರೆ ಮೂಗು ಮತ್ತೆ ಕಟ್ಟುವುದೇಕೆ?

ಕಟ್ಟಿದ ಮೂಗು ಬಿಡಿಸುವ ಆಕ್ಸಿಮೆಟಜೋಲಿನ್ ಹನಿ ಹಾಕಲು ಶುರು ಮಾಡಿ ಹತ್ತು ದಿನ ಆಯಿತು, ಬಿಟ್ಟರೆ ಮೂಗು ಮೊದಲಿಗಿಂತ ಜಾಸ್ತಿ ಕಟ್ಟುತ್ತದೆ, ಯಾಕೆ ಅಂತ ಕೇಳಿದ್ದೀರಿ. ನಾನೂ ಇದೇ ಪಾಡು ಪಟ್ಟಿದ್ದೇನೆ. ರಾತ್ರಿ ಎರಡು ಗಂಟೆಗೆ ಬಾಯಿ ಒಣಗಿ ಎಚ್ಚರವಾಗುತ್ತಿತ್ತು. ಕತ್ತಲಲ್ಲೇ ದಿಂಬಿನ ಕೆಳಗೆ ತಡಕಾಡಿ ಬಾಟಲಿ ಹುಡುಕುತ್ತಿದ್ದೆ.

ಮೂಗು ಕಟ್ಟುವುದು ಸಿಂಬಳದಿಂದ ಅಂದುಕೊಳ್ಳುತ್ತೇವೆ, ಅಲ್ವಾ? ಬಹುಮಟ್ಟಿಗೆ ಅದು ಊತ. ಮೂಗಿನ ಒಳಪೊರೆಯ ರಕ್ತನಾಳಗಳು ರಕ್ತ ತುಂಬಿಕೊಂಡು ಉಬ್ಬಿ, ಗಾಳಿಯ ದಾರಿ ಮುಚ್ಚುತ್ತವೆ. ಆ ನಾಳಗಳ ಮೇಲೆ, ಸಂದೇಶ ಹಿಡಿಯುವ ತಾಣಗಳಾದ ಆಲ್ಫಾ ರಿಸೆಪ್ಟರ್‌ಗಳಿವೆ. ಅಲ್ಲಿಗೆ ದೇಹದ ಹಾರ್ಮೋನಾದ ಅಡ್ರಿನಲಿನ್ ಬಂದು ಕೂತರೆ ನಾಳ ಬಿಗಿಯುತ್ತದೆ. ಆಕ್ಸಿಮೆಟಜೋಲಿನ್ ಕೂರುವುದೂ ಅಲ್ಲೇ. ಅಡ್ರಿನಲಿನ್‌ನ್ನು ದೇಹ ಬೇಗ ಒಡೆದು ಹಾಕುತ್ತದೆ. ಆಕ್ಸಿಮೆಟಜೋಲಿನ್ ಹಾಗೆ ಸುಲಭವಾಗಿ ಒಡೆಯುವುದಿಲ್ಲ, 0.05% ಹನಿಯ ಕೆಲಸ 12 ಗಂಟೆವರೆಗೂ ನಡೆಯುತ್ತದೆ.

ಕಷ್ಟ ಶುರುವಾಗುವುದೂ ಇಲ್ಲಿಂದಲೇ. ದಿನವೂ ಮದ್ದು ಬೀಳುತ್ತಿದ್ದರೆ ರಿಸೆಪ್ಟರ್‌ಗಳು ಮಂಕಾಗುತ್ತವೆ. ಮದ್ದಿನ ಬಲ ಇಳಿದ ಕೂಡಲೇ ನಾಳಗಳು ಮತ್ತೆ ಊದಿಕೊಳ್ಳುತ್ತವೆ. ನೀವು ಮತ್ತೆ ಹನಿ ಹಾಕುತ್ತೀರಿ. ಇದಕ್ಕೆ ರೈನೈಟಿಸ್ ಮೆಡಿಕಮೆಂಟೋಸಾ ಅನ್ನುತ್ತಾರೆ. ಬಾಟಲಿಯ ಮೇಲೆ 3 ದಿನಕ್ಕಿಂತ ಹೆಚ್ಚು ಬೇಡ ಅಂತ ಬರೆದಿರುವುದು ಸುಮ್ನೆ ಅಲ್ಲ. ನಾನು ಅದನ್ನು ಓದಿಯೇ ಇರಲಿಲ್ಲ.

ಮದ್ದು ಕೆಟ್ಟದ್ದು ಅಂತ ಮಾತ್ರ ಅನ್ನಲಾರೆ. ಮೂಗಿನಿಂದ ರಕ್ತ ಸುರಿಯುವಾಗ ನಿಲ್ಲಿಸಲು ಡಾಕ್ಟರುಗಳು ಇದನ್ನೇ ಬಳಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ರೊಸೇಶಿಯಾ ಎಂಬ ಚರ್ಮರೋಗದಿಂದ ಕೆಂಪಾದ ಮುಖಕ್ಕೆ 1% ಕ್ರೀಮ್ ಆಗಿ, 2020ರಲ್ಲಿ ಜೋತುಬಿದ್ದ ಕಣ್ಣುರೆಪ್ಪೆಗೆ 0.1% ಹನಿಯಾಗಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ರೆಪ್ಪೆ ಎತ್ತುವ ಪುಟ್ಟ ಸ್ನಾಯುವಿನಲ್ಲೂ ಅದೇ ಆಲ್ಫಾ ರಿಸೆಪ್ಟರ್‌ಗಳಿವೆ!

ನನ್ನ ಡಾಕ್ಟರು ಮೊದಲು ಬಲ ಹೊಳ್ಳೆಗೆ ಮಾತ್ರ ಹನಿ ನಿಲ್ಲಿಸಲು ಹೇಳಿ, ಜೊತೆಗೆ ಸ್ಟೀರಾಯ್ಡ್ ಸ್ಪ್ರೇ ಕೊಟ್ಟರು. ಆ ಹೊಳ್ಳೆ ತಾನಾಗಿ ಬಿಚ್ಚಿಕೊಂಡ ಮೇಲೆ ಎಡಕ್ಕೂ ನಿಲ್ಲಿಸಿದೆ. ನೀವೂ ಡಾಕ್ಟರನ್ನು ಕೇಳಿ. ಬಿಪಿ ಅಥವಾ ಹೃದಯದ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಾಟಲಿ ಇವತ್ತೇ ಎತ್ತಿಡಿ. ಒಂದೆರಡು ಮಿಲಿಲೀಟರ್ ನುಂಗಿದರೂ ಮಗು ಮಂಪರಾಗಿ ಆಸ್ಪತ್ರೆ ಸೇರಬೇಕಾಗಬಹುದು.